ಎಡತಿರುವಿನ ಗರಗರ: ಎರಂಬರಗೆ ಸೀಮೆಯ ಒಂದು ನಾದಮೀಮಾಂಸೆ

ಯಲಬುರ್ಗಾದ ಹಳೆಯ ಹೆಸರು ಎರಂಬರಗೆ ಎಂಬುದರಲ್ಲಾಗಲಿ, ಅದು ಸಿಂದ ಅರಸರ ರಾಜಧಾನಿಯಾಗಿತ್ತು ಎಂಬುದರಲ್ಲಾಗಲಿ ವಿದ್ವಾಂಸರಿಗೆ ತಕರಾರಿಲ್ಲ. ಆ ಹೆಸರು ಈ ಹೆಸರಾದ ಬಗೆಯನ್ನು ಮಾತ್ರ ಪ್ರಸ್ತುತ ಲೇಖಕನು ಹೊಸದಾಗಿ ವಿವರಿಸಲು ಬಯಸುತ್ತಾನೆ. ‘ಎರಂಬರಗೆ’ ಎನ್ನುವಾಗ ನಾಲಿಗೆ ಸರಾಗವಾಗಿ ಉರುಳುತ್ತದೆ, ಗ್ರೀಸ್ ಇದೆ. ‘ಯಲಬುರ್ಗಾ’ ಎನ್ನುವಾಗ ಕೊನೆಯ ತಿರುವಿನಲ್ಲಿ ‘ರ್ಗಾ’ ಎಂದು ಉಜ್ಜುತ್ತದೆ. ಎಂಟುನೂರು ವರ್ಷದ ಎರೆಮಣ್ಣಿನ ಧೂಳು ಕುಳಿತರೆ ಯಾವ ಶಬ್ದಕ್ಕಾದರೂ ಇದೇ ಗತಿ. ಶಾಸನಾಧಾರ ಕೇಳುವವರಿಗೆ ನಮ್ಮಣ್ಣನ ಪಿಕಪ್ ಗಾಡಿಯನ್ನು ತೋರಿಸಲಾಗುವುದು.

ಇನ್ನೊಂದು ಆಧಾರವೂ ಉಂಟು. ಸಿಂದರಲ್ಲಿ ಆಚುಗಿ ಎಂಬ ಅರಸನಿದ್ದನು. ಆರನೆಯ ವಿಕ್ರಮಾದಿತ್ಯನ ಸಾಮಂತನಾಗಿ ಗೋವೆಯವರೆಗೆ ದಂಡೆತ್ತಿ ಹೋದವನು. ಈ ಹೆಸರು ಬಂಡಿಯ ‘ಅಚ್ಚಿ’ನಿಂದಲೇ ಬಂದಿರಬೇಕು. ಅಚ್ಚು ಗಟ್ಟಿಯಿಲ್ಲದವನು ಗೋವೆ ಮುಟ್ಟುವುದುಂಟೆ? ಹ್ರಸ್ವ ದೀರ್ಘವಾದದ್ದಕ್ಕೆ ಘಟ್ಟದ ತಿರುವುಗಳು ಕಾರಣ.

ಈಗ ವಿಷಯಪ್ರವೇಶ. ಸದರಿ ಗಾಡಿಯು ನೆಟ್ಟಗೆ ಹೋಗುವಾಗ ಮೌನಿ, ಬಲಕ್ಕೆ ಹೊರಳಿದರೂ ಮೌನಿ. ಎಡಕ್ಕೆ ಹೊರಳಿದರೆ ಮಾತ್ರ ಮುಂದಿನ ಗಾಲಿಯ ಕಡೆಯಿಂದ ಗರಗರ. ಹೊಲದಿಂದ ಕಡಲೆ ಚೀಲ ಹೇರಿಕೊಂಡು ಎಪಿಎಂಸಿಗೆ ಹೋಗುವ ದಾರಿಯಲ್ಲಿ ಎಡತಿರುವು ಏಳು ಎಂದು ಅಣ್ಣ ಎಣಿಸಿಟ್ಟಿದ್ದ. ಅದರಲ್ಲಿ ಕಡುತಿರುವಾದ ಏಳನೆಯದನ್ನು ತಪ್ಪಿಸಲು ಊರು ಸುತ್ತಿ ಬರುತ್ತಿದ್ದ.

ಇಂಥ ಸಮಸ್ಯೆಗೆ ಕನ್ನಡ ವ್ಯಾಕರಣದ ಅನುಕರಣಾವ್ಯಯಗಳಿಗಿಂತ ಒಳ್ಳೆಯ ಉಪಕರಣವಿಲ್ಲ ಎಂಬುದು ಲೇಖಕನ ದೃಢವಾದ ನಂಬಿಕೆ. ಸ್ಟೇರಿಂಗ್ ತಿರುವಿದಾಗ ‘ಗೊಂಯ್’ ಎಂದರೆ ಪವರ್ ಸ್ಟೇರಿಂಗ್ ಎಣ್ಣೆ ಇಳಿದಿದೆ. ‘ಕಿರ್‍ರ್’ ಎಂದರೆ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಹರಳು ಸಿಕ್ಕಿರಬಹುದು, ಇಲ್ಲವೆ ತಗಡೇ ಬಾಗಿ ತಾಗುತ್ತಿರಬಹುದು. ‘ಕೀಂಯ್’ ಎಂದರೆ ಬಾಲ್ ಜಾಯಿಂಟ್ ಒಣಗಿದೆ. ‘ಕಟಕಟ’ ಎಂದರೆ ಮುಂದಿನ ಗಾಲಿಗೆ ಎಂಜಿನ್ನಿನ ಬಲ ಒಯ್ಯುವ ಸಿವಿ ಜಾಯಿಂಟ್ ಸವೆದಿದೆ. ನಮ್ಮದು ಹಿಂದಿನ ಗಾಲಿ ತಳ್ಳುವ ಗಾಡಿಯಾದ್ದರಿಂದ ಈ ಪಾಠಾಂತರವನ್ನು ಕೈಬಿಡಬೇಕು. ಉಳಿಯುವುದು ‘ಗರಗರ’.

ಚಹಾದಂಗಡಿಯಲ್ಲಿ ಈ ಬಗ್ಗೆ ಎರಡು ಪಂಥಗಳಿದ್ದವು. ಒಂದು ಡಿಫ್ರೆನ್ಷಿಯಲ್ ಪಂಥ. ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ ಓಡಬೇಕು, ಒಳಗಾಲಿ ಕಡಿಮೆ. ಈ ಲೆಕ್ಕ ಸರಿದೂಗಿಸುವ ಸಣ್ಣ ಹಲ್ಲುಗಾಲಿಗಳು ನೆಟ್ಟ ದಾರಿಯಲ್ಲಿ ತಮ್ಮ ಸುತ್ತ ತಿರುಗುವುದಿಲ್ಲ, ತಿರುವಿನಲ್ಲಷ್ಟೇ ತಿರುಗುತ್ತವೆ. ವಾದ ಸೊಗಸಾಗಿದೆ. ಆದರೆ ಅದು ಹಿಂದಿನ ಅಚ್ಚಿನ ಮಾತು, ಸದ್ದು ಮುಂದಿನದು. ಇನ್ನೊಂದು ಸ್ಟೇರಿಂಗ್ ಪಂಥ. ಅವರು ಆಕರ್ಮನ್ ಎಂಬ ಹೆಸರೆತ್ತಿದರು. ತಿರುವಿನಲ್ಲಿ ಒಳಗಾಲಿ ಹೊರಗಾಲಿಗಿಂತ ಹೆಚ್ಚು ಓರೆಯಾಗುವ ಈ ಏರ್ಪಾಡನ್ನು ಹೊಳೆಸಿದವನು ಮ್ಯೂನಿಕ್ಕಿನ ಗಾಡಿ ಕಟ್ಟುವ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಬರೆಸಿದವನು ಲಂಡನ್ನಿನ ಪುಸ್ತಕ ವ್ಯಾಪಾರಿ ಆಕರ್ಮನ್. ಗಾಡಿಯವನ ಬುದ್ಧಿಗೆ ಪುಸ್ತಕದವನ ಹೆಸರು ಅಂಟಿತು. ಸಂಶೋಧನಾ ಕ್ಷೇತ್ರದಲ್ಲಿ ಇದು ಹೊಸದಲ್ಲ. ಪ್ರಸ್ತುತ ಪ್ರಬಂಧವೂ ಇದೇ ಪರಂಪರೆಗೆ ಸೇರಿದ್ದು.

ಲೇಖಕನು ಎಡಗಾಲಿಯ ಮುಂದೆ ಎರಡು ದಿನ ಕುಳಿತು ಟಿಪ್ಪಣಿ ಮಾಡಿಕೊಂಡನು. ಮೂರನೆಯ ದಿನ ಮಿಸ್ತ್ರಿ ಬಂದ.

“ಎಡಕ ಹೊಳ್ಳಿದ್ರ ಅಷ್ಟ ಬರ್ತೈತೇನ್ರೀ ಸರ?”

“ಹೌದು.”

“ಹಂಗಾರ ಬಲಗಾಲಿ ಬಿಚ್ಚೋಣು.”

ಲೇಖಕನು ವಿಧಾನಶಾಸ್ತ್ರದ ಆಕ್ಷೇಪಣೆ ಎತ್ತಿದನು. ಮಿಸ್ತ್ರಿ ಹೇಳಿದ: “ಅಲ್ರೀ, ಗಾಡಿ ಎಡಕ ಹೊಳ್ಳಿದ್ರ ಭಾರ ಯಾವ ಕಡೆ ಬೀಳತೈತಿ?”

ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಬಲಗಾಲಿಯನ್ನು ಕೈಯಿಂದ ತಿರುವಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಬುಡಕ್ಕೂ ಹಿಡಿಕೆಯನ್ನು ಕಿವಿಗೂ ಇಟ್ಟುಕೊಂಡು ಕಣ್ಣು ಮುಚ್ಚಿದ. ಆಮೇಲೆ ಗಾಲಿಯ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿ, “ಆಟ ಐತಿ” ಎಂದ. ದಾಸರು ಇದನ್ನೇ ಲೀಲೆ ಎನ್ನುತ್ತಾರೆ ಎಂದು ಲೇಖಕನು ಸೂಚಿಸಿದ್ದನ್ನು ಅವನು ಕೇಳಿಸಿಕೊಳ್ಳಲಿಲ್ಲ.

ಹಬ್ ಬಿಚ್ಚಿ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ರೋಲರುಗಳ ಮೈತುಂಬ ಸಿಡುಬಿನ ಕಲೆ. ಗ್ರೀಸ್ ಕೆಸರಿನಂತಾಗಿತ್ತು. ಸೀಲ್ ಹರಿದಲ್ಲಿ ನೀರು ಹೊಕ್ಕಿತ್ತು. ಮಳೆಗಾಲದಲ್ಲಿ ಲೋಡಿನ ಗಾಡಿಯನ್ನು ಹಳ್ಳದಲ್ಲಿ ಇಳಿಸಿದ್ದನ್ನು ಅಣ್ಣ ಆಗ ಒಪ್ಪಿಕೊಂಡ. ಹತ್ತಿರದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಕಂಬಗಳನ್ನು ಕಲ್ಲನ್ನೇ ತಿರುಗಿಸಿ ಕಡೆದಿದ್ದಾರೆ. ಅಷ್ಟು ಭಾರ ತಿರುಗಿದರೂ ಸುತ್ತಳತೆಯ ಗೆರೆ ಎಲ್ಲಿಯೂ ನಡುಗಿಲ್ಲ. ಚಾಲುಕ್ಯರ ಕಡಚಲಿಗನಿಗೆ ಯಾವ ಎಣ್ಣೆ ಸಿಗುತ್ತಿತ್ತೋ ಅದನ್ನು ಯಾರಾದರೂ ಸಂಶೋಧಿಸಬೇಕು. ಅಣ್ಣನಿಗೆ ಒಂದು ಡಬ್ಬಿ ಬೇಕಾಗಿದೆ.

ಹೊಸ ಬೇರಿಂಗನ್ನು ಅದು ಕೂರುವ ಹೊರಬಳೆಯ ಸಮೇತ ಹಾಕಬೇಕು. ಹಳೆಯ ಬಳೆಯಲ್ಲಿ ಹೊಸ ರೋಲರ್ ಬಾಳುವುದಿಲ್ಲ. ಅಂಗೈಯಲ್ಲಿ ಗ್ರೀಸ್ ಹಿಡಿದು ರೋಲರುಗಳ ನಡುವೆ ಒತ್ತಿ ತುಂಬಬೇಕು. ಸೀಲ್ ಹೊಸದು. ಗಾಲಿ ತಿರುವುತ್ತಲೇ ನಟ್ ಬಿಗಿದು, ಬಳಿಕ ತುಸು ಸಡಿಲಿಸಬೇಕು. ಬಿಗಿ ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ಮತ್ತೆ ಲೀಲೆ. ಕೊನೆಗೆ ನಟ್ ಬಿಚ್ಚಿಕೊಳ್ಳದಂತೆ ಸ್ಪ್ಲಿಟ್ ಪಿನ್ ಬಡಿಯಬೇಕು, ಅದೂ ಹೊಸದೇ. ಚಕ್ಕಡಿಯ ಕಡೆಗೀಲು ಇದೇ ಎಂದು ಲೇಖಕನು ಸಂಭ್ರಮದಿಂದ ಸಾರಿದಾಗ ಮಿಸ್ತ್ರಿ, “ಮತ್ತೇನಂದ್ಕೊಂಡಿದ್ರಿ?” ಎಂದ.

ಸದ್ದು ನಿಂತಿದೆ. ಚಹಾದಂಗಡಿಯಲ್ಲಿ ಎರಡೂ ಪಂಥಗಳು ಗೆಲುವು ತಮ್ಮದೆಂದು ಸಾಧಿಸಿವೆ. ಬೇರಿಂಗಿನ ಶೋಧವನ್ನು ಲೇಖಕನು ತನ್ನ ಹೆಸರಿನಲ್ಲಿ ಇಲ್ಲಿ ದಾಖಲಿಸಿದ್ದಾನೆ. ಅಣ್ಣ ಮಾತ್ರ ಎಪಿಎಂಸಿಗೆ ಇನ್ನೂ ಊರು ಸುತ್ತಿಯೇ ಹೋಗುತ್ತಾನೆ. ಕೇಳಿದರೆ, “ರೂಢಿ ಬಿದ್ದೈತಿ ತಮ್ಮಾ” ಎನ್ನುತ್ತಾನೆ.