ಬ್ರೂನೋನ ಫೈಲು

ಪಕ್ಕದ ಮನೆ ರಾಯರಿಗೆ ಮಂಡಿನೋವು ಶುರುವಾಗಿ ಹತ್ತು ವರ್ಷ. ಇದುವರೆಗೆ ಅವರು ಕಾಲು ತೋರಿಸಿದ ಡಾಕ್ಟರು ಒಬ್ಬರೇ, ಅದೂ ಯಾರದೋ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಸಿಕ್ಕಿದರು ಅಂತ. ಬ್ರೂನೋ ವಿಷಯ ಹಾಗಲ್ಲ. ಅವನಿಗೆ ಚರ್ಮಕ್ಕೆ ಒಬ್ಬರು, ಕಣ್ಣಿಗೆ ಒಬ್ಬರು, ಹೃದಯಕ್ಕೆ ಒಬ್ಬರು. ಸೊಂಟದ ಕೀಲಿಗೆ ಮಾತ್ರ ಇಬ್ಬರು, ತಾಳೆ ನೋಡಬೇಕಲ್ಲ. ಎಕ್ಸ್‌ರೇ, ರಕ್ತದ ರಿಪೋರ್ಟು ಎಲ್ಲ ಸೇರಿ ಫೈಲು ಮನೆಪತ್ರಕ್ಕಿಂತ ದಪ್ಪ.

ಒಂಬತ್ತು ವರ್ಷದ ಲ್ಯಾಬ್ರಡಾರ್ ಅವನು. ಮಗ ಮುದ್ದಿಗೆ ತಂದ, ಅಮೆರಿಕಕ್ಕೆ ಹಾರುವಾಗ ಬಿಟ್ಟುಹೋದ. ‘ಮನೆಯೊಳಗೆ ನಾಯಿಯೇ?’ ಎಂದು ಮುಖ ಸಿಂಡರಿಸಿದ್ದ ರಾಯರು ಈಗ ಪೇಪರಿಗಿಂತ ಮೊದಲು ಅವನ ಜ್ವರ ನೋಡುತ್ತಾರೆ. ನಾಯಿಯ ಮೈ ಮಾಮೂಲಾಗಿಯೇ 101, 102 ಡಿಗ್ರಿ ಇರುತ್ತದೆ ಎಂದು ತಿಳಿಯದ ಕಾಲದಲ್ಲಿ ಒಮ್ಮೆ ಆಟೋ ಹಿಡಿದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಓಡಿದ್ದೂ ಉಂಟು. ಸಾಲಿನಲ್ಲಿ ಮುಂದೆ ಹಸು, ಹಿಂದೆ ಮೇಕೆ, ನಡುವೆ ಶಾಲು ಹೊದ್ದ ಬ್ರೂನೋ.

ಈರುಳ್ಳಿ ನಾಯಿಯ ರಕ್ತದ ಕೆಂಪುಕಣ ಒಡೆಯುತ್ತದೆ ಎಂದು ಓದಿದ ದಿನದಿಂದ ಅವರ ಮನೆ ಹುಳಿಗೆ ಈರುಳ್ಳಿ ಬಿದ್ದಿಲ್ಲ. ಬಂದ ನೆಂಟರು, ವಯಸ್ಸಾದಂತೆ ರಾಯರಿಗೆ ಮಡಿ ಹೆಚ್ಚಾಯಿತು ಎಂದುಕೊಂಡು ಉಂಡು ಹೋಗುತ್ತಾರೆ.

ಕಳೆದ ತಿಂಗಳು ಕೀಲುನೋವಿಗೆ ಹೊಸ ಮಾತ್ರೆ ಬಂತು. ಇಡ್ಲಿಯನ್ನು ಹೆಬ್ಬೆರಳಲ್ಲಿ ಗುಳಿ ಮಾಡಿ, ಮಾತ್ರೆ ಹುದುಗಿಸಿ, ಮೇಲೆ ತುಪ್ಪ ಸವರಿ ಮುಚ್ಚುವುದು ರಾಯರ ಕೈಚಳಕ. ನಾಲ್ಕನೇ ದಿನ ಕಾಂಪೌಂಡಿನ ಆಚೆಯಿಂದ ವರದಿ ಬಂತು: “ನೋಡಿ ಸ್ವಾಮಿ, ಹಿಂಗಾಲು ಎಳೆಯೋದು ನಿಂತೇಹೋಯ್ತು. ಮಾತ್ರೆ ಹಿಡೀತು!” ನನ್ನ ಕಣ್ಣಿಗೆ ಬ್ರೂನೋ ಎಂದಿನಂತೆ ಕುಂಟುತ್ತಿದ್ದ. ಇಬ್ಬರೂ ಕುಂಟುತ್ತಿದ್ದರು ಅನ್ನಿ.

ನನ್ನ ಬಾಯಿ ಸುಮ್ಮನಿರಬೇಕಲ್ಲ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಸುದ್ದಿ ತೆಗೆದೆ. ಕೀಲುನೋವಿನ 58 ನಾಯಿಗಳಿಗೆ ಮದ್ದೇ ಇಲ್ಲದ ಹುಸಿ ಮಾತ್ರೆ ಕೊಟ್ಟು, ಕಾಲು ಎಷ್ಟು ಭಾರ ಊರುತ್ತದೆಂದು ಅಳೆಯುವ ಹಲಗೆಯ ಮೇಲೆ ನಡೆಸಿದ್ದರು. ಏನೂ ಸುಧಾರಿಸಿಲ್ಲ ಎಂದು ಹಲಗೆ ಹೇಳಿದರೂ, ಸಾಕಿದವರು ನೂರಕ್ಕೆ ಸುಮಾರು 40 ಸಲ ‘ಪರವಾಗಿಲ್ಲ, ಗುಣ ಕಾಣ್ತಿದೆ’ ಎಂದರಂತೆ. ಡಾಕ್ಟರುಗಳೂ ಅದೇ ಹಳ್ಳಕ್ಕೆ ಬಿದ್ದಿದ್ದರು.

ರಾಯರು ಕನ್ನಡಕ ಸರಿಮಾಡಿಕೊಂಡರು. “ಅವು ಅಮೆರಿಕದ ನಾಯಿಗಳು.”

ಶನಿವಾರ ರಾಯರ ಮನೆಯಾಕೆ ಗುಡಿಸಲೆಂದು ಸೋಫಾ ಎಳೆದರೆ ಗೋಡೆಯ ಬದಿಗೆ ಹನ್ನೊಂದು ಮಾತ್ರೆ, ತುಪ್ಪಕ್ಕೆ ಇರುವೆ ಮುತ್ತಿಕೊಂಡು. ಶುರುಮಾಡಿದ ದಿನದಿಂದ ಲೆಕ್ಕ ಹಾಕಿದರೆ ಒಂದೂ ತಪ್ಪಿಲ್ಲ. ಮೊರದಲ್ಲಿ ತಂದು ಗಂಡನ ಮುಂದೆ ಹಿಡಿದರು.

ರಾಯರು ಒಂದು ಗಳಿಗೆ ಮೊರ ನೋಡಿದರು, ಒಂದು ಗಳಿಗೆ ಬ್ರೂನೋನ ಮುಖ ನೋಡಿದರು.

“ಗುಣ ಆದಮೇಲೆ ಯಾಕೆ ಅಂತ ಉಗಿದಿದ್ದಾನೆ ಕಣೇ. ಪಾಪ, ಎಷ್ಟು ಬುದ್ಧಿ ನೋಡು!”