ನೀರು ಬಾರದ ಊರಿನ ಈಜುಗಾರ

ಹುಬ್ಬಳ್ಳಿಯಲ್ಲಿ ಗಂಡ ಸೈಕಲ್ ಹೊಡೆಯುತ್ತಾನೆ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಓಡುತ್ತಾನೆ ಎಂದರೆ ಶುಗರ್ ಬಂದಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಈಜುತ್ತಾನೆ ಎಂದಾಗ ಮಾತ್ರ ಹುಬ್ಬು ಮೇಲೇರುತ್ತದೆ. "ಈಜಾಕ ನೀರ ಎಲ್ಲಿ ಬಂತ್ರೀ?" ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಇದು ನ್ಯಾಯವಾದ ಪ್ರಶ್ನೆ.

ನಮ್ಮನೆಯವರು ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವರು. ನಲವತ್ತು ದಾಟಿದ ಮೇಲೆ ಕೆಲವರು ಶಬರಿಮಲೆಗೆ ಹೋಗುತ್ತಾರೆ, ಕೆಲವರು ಸೈಟು ತೊಗೊಳ್ಳುತ್ತಾರೆ. ಇವರು ಟ್ರಯಥ್ಲಾನ್ ಹಿಡಿದರು. ಮೊದಲು ಈಜು, ಒದ್ದೆ ಮೈಯಲ್ಲೇ ಸೈಕಲ್, ಸೈಕಲ್ ಇಳಿದ ಕೂಡಲೇ ಓಟ; ನಡುವೆ ಚಹಾ ಇಲ್ಲ. ಸಿಡ್ನಿ ಒಲಿಂಪಿಕ್ಸ್‌ನಲ್ಲಿ, ಅಂದರೆ 2000ದಲ್ಲಿ, ಇದಕ್ಕೆ ಪದಕವನ್ನೂ ಇಟ್ಟರಂತೆ: ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ನಮ್ಮ ಅತ್ತೆಯವರಿಗೆ ಕಿಲೋಮೀಟರಿನ ಭಾಷೆ ತಿಳಿಯದು. ಅವರಿಗೆ ಹೀಗೆ ಬಿಡಿಸಿ ಹೇಳಿದೆ: "ಸೈಕಲ್ ಮ್ಯಾಲೆ ಧಾರವಾಡಕ್ಕ ಹೋಗಿ ಬರೂದ್ರಿ." ಅತ್ತೆಯವರು ಬಹಳ ಹೊತ್ತು ಯೋಚನೆ ಮಾಡಿ ಕೇಳಿದರು, "ಯಾಕ, ಚಿಗರಿ ಬಸ್ ಬಂದ್ ಆಗ್ಯಾವೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಸಿ ಬಸ್ಸು ತನಗೇ ಮೀಸಲಾದ ದಾರಿಯಲ್ಲಿ ಸೊಂಯ್ಯನೆ ಧಾರವಾಡ ಮುಟ್ಟಿಸುವಾಗ, ಅದರ ಪಕ್ಕದಲ್ಲಿ ಧೂಳು ಕುಡಿಯುತ್ತ ಸೈಕಲ್ ತುಳಿಯುವುದಕ್ಕೆ ಲೋಕಸಮ್ಮತ ಕಾರಣ ಇಲ್ಲ.

ಕಾರಣ ಹುಡುಕಲು ಈ ಆಟದ ಮೂಲ ಕೆದಕಿದೆ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಓಟಗಾರರ ಸಂಘವೊಂದು ಸುಮ್ಮನೆ ಬದಲಾವಣೆಗೆಂದು ಶುರು ಮಾಡಿದ್ದು. ಅಲ್ಲಿಗೇ ಬಿಟ್ಟಿದ್ದರೆ ನಾನು ಬದುಕುತ್ತಿದ್ದೆ. ಹವಾಯಿಯಲ್ಲಿ ಓಟಗಾರರು ಗಟ್ಟಿಯೋ ಈಜುಗಾರರು ಗಟ್ಟಿಯೋ ಎಂದು ವಾದ ಎದ್ದು, ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಎಲ್ಲವನ್ನೂ ಒಟ್ಟಿಗೇ ಮಾಡಿ ನೋಡಿಬಿಡೋಣ ಎಂದರು. ಅದೇ ಐರನ್‌ಮ್ಯಾನ್: 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ ಒಂದು ಪೂರಾ ಮ್ಯಾರಥಾನ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಬೆಳಗಾವಿಗೆ ಸೈಕಲ್ಲಿನಲ್ಲಿ ಹೋಗಿ ಬಂದು, ಆಮೇಲೆ ಧಾರವಾಡಕ್ಕೆ ಓಡಿ ಹೋಗಿ ಓಡಿ ಬರುವುದು. ಇಂಥ ವಾದಗಳು ಚೆನ್ನಮ್ಮ ಸರ್ಕಲ್ಲಿನ ಚಹಾದಂಗಡಿ ಮುಂದೆ ದಿನಾ ನಡೆಯುತ್ತವೆ. ಆದರೆ ನಮ್ಮವರು ಇನ್ನೊಂದು ಚಹಾ ಹೇಳಿ ಮುಗಿಸುತ್ತಾರೆ. ಅಷ್ಟು ಸಂಸ್ಕಾರ ನಮಗಿದೆ.

1978ರ ಫೆಬ್ರುವರಿಯ ಆ ಮೊದಲ ಐರನ್‌ಮ್ಯಾನ್‌ನಲ್ಲಿ ಹದಿನೈದು ಜನ ಹೊರಟು ಹನ್ನೆರಡು ಜನ ಮುಟ್ಟಿದರು. ಗೆದ್ದವರು ಗಾರ್ಡನ್ ಹಾಲರ್. ನನಗೆ ಹಿಡಿಸಿದ್ದು ಮಾತ್ರ ಎರಡನೆಯವರಾದ ಜಾನ್ ಡನ್‌ಬಾರ್ ಅವರ ಕಥೆ. ಪ್ರತಿಯೊಬ್ಬರೂ ನೀರು, ಊಟ ಕೊಡುವ ತಮ್ಮದೇ ಜನರನ್ನು ಕರೆತರಬೇಕಿತ್ತು. ಮುಂದಿದ್ದ ಡನ್‌ಬಾರ್ ಅವರ ಕಡೆಯವರ ಹತ್ತಿರ ನೀರು ಖಾಲಿಯಾಯಿತು, ಬೀರು ಕೊಟ್ಟರು! ಹುಬ್ಬಳ್ಳಿಯ ಯಾವ ಗೃಹಿಣಿಯೂ ಹೀಗೆ ಮಾಡುತ್ತಿರಲಿಲ್ಲ. ಸವದತ್ತಿ ಹತ್ತಿರದ ರೇಣುಕಾ ಸಾಗರದಿಂದ ಬರುವ ಮಲಪ್ರಭೆಯ ನೀರನ್ನು ಹಂಡೆ, ಕೊಡ, ಬ್ಯಾರಲ್ಲು, ಕೊನೆಗೆ ಕುಕ್ಕರಿನಲ್ಲೂ ತುಂಬಿಟ್ಟು ಮುಂದಿನ ಸರದಿಯವರೆಗೆ ಮುಟ್ಟಿಸುವ ನಾವು ಅಲ್ಲಿದ್ದಿದ್ದರೆ ಐರನ್‌ಮ್ಯಾನ್ ಇತಿಹಾಸವೇ ಬೇರೆಯಾಗಿರುತ್ತಿತ್ತು.

ನೀರಿನ ವಿಷಯದಲ್ಲೇ ನಮ್ಮ ಮನೆಯ ಮೊದಲ ಜಗಳ ಹುಟ್ಟಿದ್ದು. ಬೆಳಗ್ಗೆ ಈಜುಕೊಳದಲ್ಲಿ ಒಂದು ತಾಸು ನೆನೆದು ಬಂದ ಮನುಷ್ಯ ಮನೆಗೆ ಬಂದು ಮತ್ತೆ ಜಳಕ ಮಾಡುತ್ತಾರೆ. ಸಂಜೆ ತೋಳನಕೆರೆ ಸುತ್ತ ಓಡಿ ಬಂದು ಇನ್ನೊಂದು ಜಳಕ. "ನೀರಾಗಿಂದ ಬಂದಾಂವಗ ಮತ್ತ್ಯಾಕಪಾ ನೀರು?" ಎಂದು ಅತ್ತೆಯವರು ಕೇಳಿದರೆ, ಕೊಳದಲ್ಲಿ ಕ್ಲೋರಿನ್ ಇರುತ್ತದೆ ಎಂಬ ಉತ್ತರ. ಅಂದಿನಿಂದ ಮನೆಯಲ್ಲಿ ಒಂದು ಕಾಯಿದೆ ಇದೆ: ನಳ ಬರುವ ದಿನ ತರಬೇತಿ ರದ್ದು, ಯಜಮಾನರು ಕೊಡ ಹಿಡಿದು ಮಾಳಿಗೆ ಹತ್ತಬೇಕು. ಭುಜಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ ಎಂದು ನಾನೇ ಅವರಿಗೆ ಕೋಚ್ ಆಗಿ ಹೇಳಿದ್ದೇನೆ.

ಸ್ಫೂರ್ತಿಯ ದೇವರುಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಐವತ್ತು ತುಂಬಲು ಕೆಲವೇ ತಿಂಗಳಿದ್ದಾಗ, 2015ರಲ್ಲಿ, ಝೂರಿಕ್‌ನಲ್ಲಿ ಐರನ್‌ಮ್ಯಾನ್ ಮುಗಿಸಿದ ಮಿಲಿಂದ್ ಸೋಮನ್ ಮೊದಲ ದೇವರು. (ನೋಡಲಿಕ್ಕೂ ಹಾಗೆಯೇ ಆಗುತ್ತಾರೆ ಎಂಬ ನನ್ನ ಆಸೆ ಇನ್ನೂ ಈಡೇರಿಲ್ಲ.) ಎರಡನೆಯವರು 2012ರಲ್ಲಿ, ತಮ್ಮ 82ನೇ ವಯಸ್ಸಿನಲ್ಲಿ, ಐರನ್‌ಮ್ಯಾನ್ ಮುಗಿಸಿದ ಅಮೆರಿಕದ ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್. ಅವರ ಫೋಟೋ ತೋರಿಸಿ ಇವರು ಅತ್ತೆಯವರನ್ನು ಹುರಿದುಂಬಿಸಲು ನೋಡಿದರು. "ಸನ್ಯಾಸಿ ಅಂದಮ್ಯಾಲೆ ರೊಟ್ಟಿ ಬಡಿಯೂದಿಲ್ಲ, ಮೊಮ್ಮಕ್ಕಳಿಲ್ಲ. ಓಡ್ಲೇಳು" ಎಂದು ಅತ್ತೆಯವರು ಪ್ರಕರಣ ಮುಗಿಸಿದರು.

ಮೂರನೆಯವರು ನೈರುತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು. 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಐರನ್‌ಮ್ಯಾನ್ ಮುಗಿಸಿ, ಭಾರತೀಯ ರೈಲ್ವೆಯಲ್ಲಿ ಆ ಸಾಧನೆ ಮಾಡಿದ ಮೊದಲಿಗರಾದರು. ಆ ಸುದ್ದಿ ಓದಿದ ದಿನ ಇವರು ಊಟ ಮಾಡಲಿಲ್ಲ. "ನೈರುತ್ಯ ರೈಲ್ವೆ ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳ್ಯಾಗ. ಅವರ ಹೆಸರು ಹೊಸೂರು. ನಮ್ಮ ಗೋಕುಲ ರೋಡ ಹಿಡಿಯೂದ ಹೊಸೂರ ಸರ್ಕಲ್‌ನಾಗ. ಇನ್ನೇನ್ ಸೂಚನಾ ಬೇಕ?" ನಾನೆಂದೆ, "ಅವರು ಹಳಿ ಮ್ಯಾಲೆ ಅದಾರ್ರಿ. ಹಳಿ ತಪ್ಪಿದವರು ನೀವು."

ನನಗೆ ನಿಜವಾದ ಗೌರವ ಬಂದದ್ದು ಬೆಂಗಳೂರಿನ ಅನು ವೈದ್ಯನಾಥನ್ ಅವರ ಮೇಲೆ. ಅವರು ಮುಗಿಸಿದ ಅಲ್ಟ್ರಾಮ್ಯಾನ್ ಮೂರು ದಿನದ್ದು: 10 ಕಿಲೋಮೀಟರ್ ಈಜು, 420 ಕಿಲೋಮೀಟರ್ ಸೈಕಲ್, 84 ಕಿಲೋಮೀಟರ್ ಓಟ. ಆ ಅನುಭವಗಳ ಬಗ್ಗೆ ಪುಸ್ತಕವನ್ನೂ ಬರೆದರು. ಅಷ್ಟು ಓಡಿದವರು ಪುಸ್ತಕ ಬರೆದರೆ ಒಪ್ಪೋಣ. ನಮ್ಮವರು ತೋಳನಕೆರೆ ಸುತ್ತಿ ಬಂದು ಕಾರ್ಖಾನೆಯ ಹಳೆಯ ಡೈರಿಯಲ್ಲಿ ಪುಟಗಟ್ಟಲೆ ತುಂಬಿಸುತ್ತಾರೆ. ಕದ್ದು ಓದಿದ್ದೇನೆ. ವಿಮಾನ ನಿಲ್ದಾಣದ ಕಡೆಯಿಂದ ಬೀಸಿದ ಎದುರುಗಾಳಿ, ಅಕ್ಷಯ ಪಾರ್ಕ್ ಹತ್ತಿರ ಅಟ್ಟಿಸಿಕೊಂಡು ಬಂದ ನಾಯಿ, ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಮುಂದೆ ಉಬ್ಬಿದ ಮೀನಖಂಡ, ಎಲ್ಲಕ್ಕೂ ಜಾಗವಿದೆ. ಅಂಟಿನ ಉಂಡಿಗೆ ಮಾತ್ರ ಇಲ್ಲ.

ಅಂಟಿನ ಉಂಡಿಯ ಕಥೆ ಇಷ್ಟು. ಸೈಕಲ್ ಮೇಲೆ ತಿನ್ನಲು ಪೇಟೆಯಲ್ಲಿ ಸಿಗುವ ಶಕ್ತಿಯ ಪಟ್ಟಿಗಳು ಬಲು ತುಟ್ಟಿ. ಇವರು ಒಣಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ ಎಂದು ಲೆಕ್ಕ ಹಾಕಿ, ಬಾಣಂತಿಗೆ ಮಾಡುವ ಉಂಡಿಯೇ ಲೇಸೆಂದು ತೀರ್ಮಾನಿಸಿ ತಾಯಿಯ ಮುಂದೆ ಬೇಡಿಕೆ ಇಟ್ಟರು. ಅತ್ತೆಯವರು ನನ್ನ ಕಡೆ ತಿರುಗಿ ಮುಖ ಅರಳಿಸಿಕೊಂಡು, "ಎಷ್ಟರಾಗ ಬಿದ್ದದ ನಿನಗ?" ಎಂದರು. ವಿಷಯ ತಿಳಿದ ಮೇಲೆ ಬೈಯುತ್ತಲೇ ಒಂದು ಡಬ್ಬಿ ಕಟ್ಟಿಕೊಟ್ಟರು. ಓಣಿಯ ಹೆಂಗಸರು ಮಾತ್ರ ಕೆಲವು ತಿಂಗಳು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.

ಕೊನೆಗೆ ಗೋವಾ. ಅಲ್ಲಿ 2019ರಿಂದ ಅರ್ಧ ಐರನ್‌ಮ್ಯಾನ್ ನಡೆಯುತ್ತದೆ: ಮಿರಾಮಾರ್ ಕಡಲಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21 ಕಿಲೋಮೀಟರ್ ಓಟ. ಗಡುವು ಎಂಟೂವರೆ ತಾಸು. ನಾವು ಮನೆಮಂದಿಯೆಲ್ಲ ಹೋದೆವು. ಆಫೀಸಿಗೆ ಹೋಗಲು ಒಂದು ಜೊತೆ ಕಾಲುಚೀಲ ಹುಡುಕಲು ಮನೆ ತಲೆಕೆಳಗು ಮಾಡುವವರು ಅಲ್ಲಿ ಹೆಲ್ಮೆಟ್ಟು, ಕನ್ನಡಕ, ಬೂಟು ಸಾಲಾಗಿ ಜೋಡಿಸಿದ್ದನ್ನು ಕಂಡು ನನಗೆ ಸಿಟ್ಟೇ ಬಂತು.

ಅತ್ತೆಯವರು ದಂಡೆಯಲ್ಲಿ ನಿಂತು ಕಡಲನ್ನೇ ನೋಡುತ್ತಿದ್ದರು. "ಯವ್ವಾ, ಎಷ್ಟ ನೀರು!" ಮಿರಾಮಾರಿನ ಪಕ್ಕದಲ್ಲೇ ಮಾಂಡೋವಿ ಕಡಲು ಸೇರುತ್ತದೆ. ಮಾಂಡೋವಿ ಎಂದರೆ ಖಾನಾಪುರದ ಕಾಡಲ್ಲಿ ಹುಟ್ಟುವ ನಮ್ಮ ಮಹದಾಯಿ. ಅದರ ಕಳಸಾ, ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸಿರಿ ಎಂದು ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಕೂತರು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಎಂದು ತೀರ್ಪು ಕೊಟ್ಟಿತು. ನಮ್ಮ ಓಣಿಯ ನಳಕ್ಕೆ ಆ ತೀರ್ಪು ಇನ್ನೂ ತಲುಪಿಲ್ಲ. ಇದನ್ನೆಲ್ಲ ಅತ್ತೆಯವರಿಗೆ ವಿವರಿಸುವ ಹೊತ್ತಿಗೆ ಇವರು ತೆರೆಗಳ ನಡುವಿಂದ ಕೆಮ್ಮುತ್ತ ಎದ್ದು ಬಂದರು. ಎರಡು ಬೊಗಸೆಯಷ್ಟಾದರೂ ನುಂಗಿರಬೇಕು. "ಇರ್ಲಿ ಬಿಡು," ಎಂದರು ಅತ್ತೆಯವರು, "ನಮ್ಮ ಪಾಲಿಂದು ಅಷ್ಟರ ಬಂತು."

ಮುಗಿಸಿದರೇ ಎಂದು ಕೇಳುತ್ತೀರಿ. ಮುಗಿಸಿದರು, ಗಡುವಿನೊಳಗೇ. ಕೊರಳಿಗೆ ಪದಕ ಬಿತ್ತು, ಡೈರಿ ತುಂಬಿತು, ಈಗ ಪೂರ್ಣ ಐರನ್‌ಮ್ಯಾನ್ ಮಾತು ನಡೆದಿದೆ. ಹಾಗಾಗಿ ನಸುಕಿನಲ್ಲಿ ಗೋಕುಲ ರಸ್ತೆ ಹಿಡಿದು ಹೋಗುವವರಲ್ಲಿ ಒಂದು ವಿನಂತಿ. ಮೈಗಂಟಿದ ಬಟ್ಟೆ ತೊಟ್ಟು ಏದುಸಿರು ಬಿಡುತ್ತ ಓಡುವವರು ಕಂಡರೆ ಹಾರ್ನ್ ಹೊಡೆಯಿರಿ, ನಗಿರಿ, ಬೇಕಾದರೆ ಫೋಟೋ ತೆಗೆಯಿರಿ. ಗಾಡಿ ನಿಲ್ಲಿಸಿ, "ಎಲ್ಲಿತನಕರೀ, ಬರ್ರಿ ಬಿಡ್ತೇನಿ" ಅಂತ ಮಾತ್ರ ಕೇಳಬೇಡಿರಿ. ಹತ್ತಿಬಿಟ್ಟಾರು.