ಮಾನಿಟರಿಗೆ ಮೊಬೈಲ್ ಹಿಡಿದವರು

ಪ್ರತಿ ಕಚೇರಿಯಲ್ಲೂ ಇವರೊಬ್ಬರು ಇದ್ದೇ ಇರುತ್ತಾರೆ. ಕಂಪ್ಯೂಟರ್ ಮುನಿಸಿಕೊಂಡ ತಕ್ಷಣ ಇವರ ಕೈ ಕೀಬೋರ್ಡಿಗೆ ಹೋಗುವುದಿಲ್ಲ, ಜೇಬಿಗೆ ಹೋಗುತ್ತದೆ. ಮೊಬೈಲ್ ತೆಗೆದು ಮಾನಿಟರಿಗೇ ಫೋಟೋ ಹೊಡೆದು, 'ಹೀಗೆ ಬರ್ತಿದೆ ಸಾರ್, ಸ್ವಲ್ಪ ನೋಡಿ' ಎಂದು ವಾಟ್ಸಾಪಿಗೆ ಹಾಕಿಬಿಡುತ್ತಾರೆ. ಈ ಚಿತ್ರಕ್ಕೆ ಒಂದು ಶಾಸ್ತ್ರವೇ ಇದೆ. ಪರದೆ ತೇರಿನ ಹಾಗೆ ಒಂದು ಕಡೆ ವಾಲಿರಬೇಕು. ಪರದೆಯ ಚುಕ್ಕಿಗಳಿಗೂ ಕ್ಯಾಮೆರಾದ ಚುಕ್ಕಿಗಳಿಗೂ ಸಾಲು ಹೊಂದದೆ ಮೂಡುವ ಕಾಮನಬಿಲ್ಲಿನ ಗೆರೆಗಳು ಮೈತುಂಬ ಹರಿದಾಡಬೇಕು. ಮೂಲೆಯಲ್ಲಿ ಅರ್ಧ ಕುಡಿದ ಕಾಫಿ ಲೋಟ, ಮಾನಿಟರಿನ ಅಂಚಿಗೆ ಪಾಸ್‌ವರ್ಡ್ ಬರೆದ ಚೀಟಿ. ಇಡೀ ಚಿತ್ರದಲ್ಲಿ ಸ್ಪಷ್ಟವಾಗಿ ಓದಬಹುದಾದದ್ದು ಆ ಚೀಟಿ ಒಂದೇ. ಟ್ಯೂಬ್‌ಲೈಟಿನ ಬೆಳಕಂತೂ ಗುರಿಯಿಟ್ಟು ಎರರ್ ಸಂಖ್ಯೆಯ ಮೇಲೇ ಬಿದ್ದಿರಬೇಕು. ಇನ್ನೊಂದು ಕಳಿಸಿ ಎಂದರೆ ಇನ್ನೊಂದು ಬರುತ್ತದೆ. ಬೆಳಕೂ ಜೊತೆಗೇ ಬರುತ್ತದೆ.

'ಪ್ರಿಂಟ್ ಸ್ಕ್ರೀನ್ ಎಂದು ಕೀಬೋರ್ಡಿನ ಮೇಲೇ ಬರೆದಿದೆ, ಒತ್ತಲೇನು ರೋಗ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ಬಲ್ಲವರು ಗೊಣಗುತ್ತಾರೆ. ಆದರೆ ಇಲ್ಲಿ ನೆಲ ನಿಜಕ್ಕೂ ಡೊಂಕು. 1981ರ ಐಬಿಎಂ ಪಿಸಿಯಲ್ಲಿ ಆ ಕೀಲಿ ಹೆಸರಿಗೆ ತಕ್ಕಂತೆ ನಡೆದುಕೊಳ್ಳುತ್ತಿತ್ತು: ಶಿಫ್ಟ್ ಜೊತೆ ಒತ್ತಿದರೆ ಪರದೆಯ ಅಕ್ಷರಗಳು ಪ್ರಿಂಟರಿನಿಂದ ಹೊರಬರುತ್ತಿದ್ದವು. ವಿಂಡೋಸ್ ಬಂದ ಮೇಲೆ ಹೆಸರು ಉಳಿಯಿತು, ಕಸುಬು ಬದಲಾಯಿತು. ಒತ್ತಿದರೆ ಸದ್ದಿಲ್ಲ, ಸುದ್ದಿಯಿಲ್ಲ. ಚಿತ್ರ ಕಣ್ಣಿಗೆ ಕಾಣದ ಕ್ಲಿಪ್‌ಬೋರ್ಡಿನೊಳಗೆ ಕೂತಿರುತ್ತದೆ. ಪೇಂಟ್ ತೆರೆದು ಪೇಸ್ಟ್ ಮಾಡಬೇಕೆಂದು ಮೊದಲೇ ಗೊತ್ತಿದ್ದವರಿಗಷ್ಟೇ ಅದರ ದರ್ಶನ. ಮೊಬೈಲಾದರೋ ಕ್ಲಿಕ್ ಎನ್ನುತ್ತದೆ, ಚಿತ್ರವನ್ನು ಕೈಯಲ್ಲೇ ಇಡುತ್ತದೆ, ಕಳಿಸುವ ಗುಂಡಿಯನ್ನೂ ತೋರಿಸುತ್ತದೆ. ಕರೆದರೆ ಓಗೊಡುವವರನ್ನು ಬಿಟ್ಟು ಮೌನವ್ರತದವರ ಬಳಿ ಯಾರು ಹೋಗುತ್ತಾರೆ?

'ಅದೆಲ್ಲ ಹಳೇ ಕಥೆ' ಎನ್ನಬಹುದು. ನಿಜ, 2018ರ ಮ್ಯಾಕ್‌ಓಎಸ್ ಮೊಹಾವೆ ತೆಗೆದ ಚಿತ್ರವನ್ನು ಪರದೆಯ ಮೂಲೆಯಲ್ಲಿ ಪುಟ್ಟದಾಗಿ ತೋರಿಸತೊಡಗಿತು. 2023ರಲ್ಲಿ ವಿಂಡೋಸ್ 11 ಪ್ರಿಂಟ್ ಸ್ಕ್ರೀನ್ ಒತ್ತಿದರೆ ಸ್ನಿಪ್ಪಿಂಗ್ ಟೂಲ್ ತೆರೆಯುವಂತೆ ಮಾಡಿತು. ಆದರೆ ಈ ಸುಧಾರಣೆಗಳು ನಮ್ಮ ಛಾಯಾಗ್ರಾಹಕರ ಪರವಾಗಿಯೇ ಸಾಕ್ಷಿ ನುಡಿಯುತ್ತವೆ: ತಪ್ಪು ಅವರದಷ್ಟೇ ಆಗಿದ್ದರೆ ಉಪಕರಣವನ್ನು ತಿದ್ದುವ ಅಗತ್ಯವೇನಿತ್ತು? ತಿದ್ದಿದ ಮೇಲೂ ಚಿತ್ರ ಕಂಪ್ಯೂಟರಿನಲ್ಲಿದೆ, ಸಹಾಯ ಮಾಡುವವರು ಮೊಬೈಲಿನಲ್ಲಿದ್ದಾರೆ. ನಡುವಿನ ಹೊಳೆಗೆ ಸೇತುವೆ ಕಟ್ಟುವವರೆಗೆ ಇವರು ಈಜುತ್ತಲೇ ಇರುತ್ತಾರೆ. ಪಾಸ್‌ವರ್ಡ್ ಚೀಟಿಯ ಅಪಾಯ ಹೇಳಿದರೆ ಒಪ್ಪಬೇಕಾದ್ದೇ. ಆದರೆ ಕತ್ತರಿಸಿ ಉಳಿಸಿದ ಚಿತ್ರದ ಫೈಲಿನಲ್ಲಿ ಕತ್ತರಿಸಿದ ಭಾಗವೂ ಅಡಗಿ ಉಳಿಯುವ ದೋಷ ಸ್ನಿಪ್ಪಿಂಗ್ ಟೂಲಿನಲ್ಲೇ ಇದ್ದದ್ದು 2023ರಲ್ಲಿ ಬಯಲಾಯಿತು. ಚೀಟಿ ಕಣ್ಣಿಗಾದರೂ ಕಾಣುತ್ತದೆ. ಇನ್ನು ವಿಂಡೋಸ್ ಪೂರ್ತಿ ಕುಸಿದಾಗ ಯಾವ ಸ್ಕ್ರೀನ್‌ಶಾಟ್ ಕೀಲಿಯೂ ಕೆಲಸಕ್ಕೆ ಬಾರದು. ಹಾಗೆ ಕುಸಿದಾಗ ಬರುತ್ತಿದ್ದ ನೀಲಿ ಪರದೆಗೆ 2016ರಲ್ಲಿ ಮೈಕ್ರೋಸಾಫ್ಟ್ ಕ್ಯೂಆರ್ ಕೋಡ್ ಸೇರಿಸಿತು. ಎಂದರೆ, ಮಾನಿಟರಿಗೆ ಮೊಬೈಲ್ ಹಿಡಿಯಿರಿ ಎಂದು ಅದನ್ನು ಮಾಡಿದವರೇ ಹೇಳಿದಂತಾಯಿತು.

ಎಲ್ಲ ಉಪಕರಣಗಳೂ ಸುಧಾರಿಸಿದ ದಿನ ಒಂದು ನಷ್ಟವೂ ಇದೆ. ಅಚ್ಚುಕಟ್ಟಾದ ಸ್ಕ್ರೀನ್‌ಶಾಟಿನಲ್ಲಿ ಕಂಪ್ಯೂಟರಿನ ದೂರು ಮಾತ್ರ ಇರುತ್ತದೆ. ಆ ವಾಲಿದ ಫೋಟೋದಲ್ಲಿ, ಪರದೆಯ ಕಪ್ಪು ಭಾಗದ ಮೇಲೆ, ಮೊಬೈಲ್ ಎತ್ತಿ ಹಿಡಿದು ಹುಬ್ಬು ಗಂಟಿಕ್ಕಿದ ಮುಖವೊಂದೂ ಮಸುಕಾಗಿ ಮೂಡಿರುತ್ತದೆ. ಪಕ್ಕದ ಕಾಫಿಗೆ ಕೆನೆ ಕಟ್ಟಿದೆ. ಎಷ್ಟು ಹೊತ್ತಿನಿಂದ ಒದ್ದಾಡಿದ್ದಾರೋ. ಆ ಮುಖ ಕಂಡ ಮೇಲೆ ಬೈಯಲು ಬಾಯಿ ಬರುವುದಿಲ್ಲ. ಟ್ಯೂಬ್‌ಲೈಟ್ ಆರಿಸಿ ಇನ್ನೊಂದು ಕಳಿಸಿ ಎಂದಷ್ಟೇ ಕೇಳಬಹುದು.